ಬಲೆಯಿಂದ ಎತ್ತಿದ ಚೆಂಡು

“ಗೋದಾಮಿನ ಕಡೆ ಇರೋ ಗೋಲಿಗೆ ಎಷ್ಟು ಬೇಕಾದ್ರೂ ಹೊಡಿ, ಬೇಡ ಅನ್ನಲ್ಲ. ಆದ್ರೆ ಬಲೆಯೊಳಗೆ ಬಿದ್ದ ಚೆಂಡನ್ನ ನೀನು ಎತ್ಕೋಬೇಡ. ಎದುರು ತಂಡದ ಗೋಲ್‌ಕೀಪರ್ ಎತ್ತಿ ಕೊಡ್ಲಿ. ಇದೊಂದು ಮಾತು ನೆನಪಿಟ್ಕೋ.”

ಹೀಗೆ ಹೇಳಿದವನು ತುಕ್ಕು. ಆ ತಂಡದ ಹಳೆಯ ಸ್ಟ್ರೈಕರ್. ಒಂದು ಕಾಲದಲ್ಲಿ ಇವನ ಕಾಲಿಗೆ ಚೆಂಡು ಸಿಕ್ಕಿತೆಂದರೆ ಜನ ಕೂತಲ್ಲಿಂದ ಏಳುತ್ತಿದ್ದರಂತೆ. ಈಗ ಗೋಲು ಬಾಗಿಲು ತೆರೆದುಕೊಂಡು ನಿಂತಿದ್ದರೂ ಚೆಂಡನ್ನು ಆಕಾಶಕ್ಕೆ ಒದೆಯುತ್ತಾನೆಂದು ಹುಡುಗರೇ ಇಟ್ಟ ಅಡ್ಡಹೆಸರು ಅದು. ಬದಲಿ ಆಟಗಾರರ ಬೆಂಚಿನ ತುದಿಯಲ್ಲಿ, ಯಾರ ಮಾತಿಗೂ ಸೇರದೆ, ಟವೆಲ್ಲು ಹೊದ್ದು ಕೂರುವುದೇ ಅವನ ಕೆಲಸವಾಗಿತ್ತು.

ಕೇಳಿಸಿಕೊಂಡವನು ಹೊಸಬ. ಸಣ್ಣ ಊರಿನ ಸಣ್ಣ ತಂಡದಿಂದ, ನೇರ ತುಕ್ಕುವಿನ ಜಾಗಕ್ಕೇ ಬಂದಿದ್ದ. ಎಲ್ಲರಿಗಿಂತ ಚಿಕ್ಕವನಾದ್ದರಿಂದ ಬಂದ ದಿನವೇ ‘ಮರಿ’ ಆದ.

“ಯಾಕಣ್ಣ, ಚೆಂಡು ಕಚ್ಚುತ್ತಾ?” ಎಂದು ಮರಿ ಬೂಟಿನ ದಾರ ಬಿಗಿಯುತ್ತ ಕೇಳಿದ.

“ಕಚ್ಚಿದ್ರೆ ವಾಸಿ ಇತ್ತು. ಗಾಯ ಮಾಯುತ್ತೆ.”

“ಮಾಟ ಮಂತ್ರ ಎಲ್ಲ ನಿಮ್ಮ ಕಾಲಕ್ಕೇ ಆಗೋಯ್ತಣ್ಣ. ನಾನು ಹೊಡೆಯೋ ರಭಸಕ್ಕೆ ಆ ಬಲೇನೇ ಹರಿದುಹೋಗುತ್ತೆ ಬಿಡಿ.”

ಡ್ರೆಸ್ಸಿಂಗ್ ರೂಮಿನಲ್ಲಿ ಯಾರೂ ನಗಲಿಲ್ಲ. ಜಾಗ ಕಳೆದುಕೊಂಡವನ ಹೊಟ್ಟೆಕಿಚ್ಚು, ಮತ್ತೇನು ಎಂದುಕೊಂಡ ಮರಿ. ಆ ವಯಸ್ಸಿಗೆ ಎಲ್ಲದಕ್ಕೂ ಅದೊಂದೇ ಕಾರಣ ಹೊಳೆಯುತ್ತದೆ. ಅವನನ್ನು ಬೈದು ಪ್ರಯೋಜನವಿಲ್ಲ.

ಅಂದಿನ ಆಟದಲ್ಲಿ ತಂಡ ಒಂದು ಗೋಲು ಹಿಂದಿತ್ತು. ಹೊತ್ತು ಮುಳುಗುತ್ತಿತ್ತು, ಒಂದು ಗೋಲಿನ ಹಿಂದಿದ್ದ ಗೋದಾಮಿನ ನೆರಳು ಅರ್ಧ ಮೈದಾನವನ್ನು ನುಂಗಿತ್ತು. ಆ ಗೋಲಿನ ಮುಂದೆಯೇ, ಮೂಲೆಯಿಂದ ಬಂದ ಚೆಂಡಿಗೆ ಮರಿ ತಲೆ ಕೊಟ್ಟ. ಗೋಲು! ಸಮ ಆಯಿತು, ಗೆಲ್ಲಲು ಇನ್ನೂ ಸ್ವಲ್ಪ ಸಮಯವಿದೆ. ಇಂಥ ಹೊತ್ತಿನಲ್ಲಿ ಯಾವ ಸ್ಟ್ರೈಕರ್ ಆದರೂ ಮಾಡುವುದು ಒಂದೇ. ಬಲೆಗೆ ನುಗ್ಗಿ ಚೆಂಡನ್ನು ಬಾಚಿಕೊಂಡು ಮೈದಾನದ ನಡುವಿಗೆ ಓಡುತ್ತಾನೆ, ಆಟ ಬೇಗ ಶುರುವಾಗಲಿ ಎಂದು. ಮರಿಯೂ ಅದನ್ನೇ ಮಾಡಿದ. ತುಕ್ಕುವಿನ ಮಾತು ಅವನ ನೆನಪಿಗೇ ಬರಲಿಲ್ಲ.

ಬಗ್ಗಿದಾಗ ಮೂಗಿಗೆ ಬಡಿದದ್ದು ಕೂದಲು ಸುಟ್ಟ ವಾಸನೆ. ಬಲೆಯ ಒಳಗೆ ಜನರ ಗದ್ದಲ ಪೂರಾ ನಿಂತುಹೋಗಿತ್ತು. ಕಿವಿಗೆ ಹತ್ತಿ ತುರುಕಿದಂಥ ಮೌನ. ಚೆಂಡು ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಎತ್ತಿಕೊಂಡು ಹೊರಬಂದಾಗ ಗದ್ದಲ ಮತ್ತೆ ಕೇಳಿಸಿತು. ಬಲಗೈಯ ಉಂಗುರದ ಬೆರಳಿಗೆ ಒಂದು ಉದ್ದ ಕೂದಲು ಸುತ್ತಿಕೊಂಡಿತ್ತು. ಓಡುತ್ತಲೇ ಹಲ್ಲಿನಿಂದ ಕಚ್ಚಿ ಎಳೆದ, ಬರಲಿಲ್ಲ. ಆಟ ಮುಗಿದ ಮೇಲೆ ನೋಡಿದರೆ ಅದು ಚರ್ಮದೊಳಗೆ ಇಳಿದು ಸಣ್ಣ ಕಪ್ಪು ಗೆರೆಯಾಗಿ ಕೂತಿತ್ತು. ಬಲೆಯ ಹಳೆ ನೂಲಿನ ಬಣ್ಣ ಇರಬೇಕು ಎಂದು ಸೋಪು ಹಾಕಿ ತಿಕ್ಕಿದ.

ರಾತ್ರಿ ಬಾಲ್ಯದ ಗೆಳೆಯನಿಗೆ ಫೋನು ಮಾಡಿದ. ಒಂದೇ ಬೆಂಚಿನಲ್ಲಿ ಕೂತು ಓದಿದವನು, ಮೊದಲ ಬೂಟನ್ನು ಹಂಚಿಕೊಂಡು ಹಾಕಿದವನು.

“ಯಾರು ಮಾತಾಡ್ತಿರೋದು?”

“ನಾನು ಕಣೋ. ಟೀವೀಲಿ ನೋಡಿದ್ಯಾ ಗೋಲು?”

“ನೋಡಿದೆ. ಆದ್ರೆ ನೀವು ರಾಂಗ್ ನಂಬರ್‌ಗೆ ಮಾಡಿದ್ದೀರಿ ಅನ್ಸುತ್ತೆ,” ಎಂದು ಅವನು ಮರ್ಯಾದೆಯಿಂದಲೇ ಫೋನು ಇಟ್ಟ.

ತಮಾಷೆ ಎಂದುಕೊಂಡ ಮರಿ. ಮತ್ತೆ ಮಾಡಿದ, ಅವನು ಎತ್ತಲಿಲ್ಲ. ಮರುವಾರ ಇನ್ನೊಂದು ಗೋಲು. ಮೂಗಿಗೆ ಅದೇ ಸುಟ್ಟ ವಾಸನೆ, ಬೆರಳ ಮೇಲೆ ಇನ್ನೊಂದು ಗೆರೆ. ಅವನಿಗೆ ಚೆಂಡು ಒದೆಯಲು ಕಲಿಸಿದ ಮೊದಲ ಗುರು ದಾರಿಯಲ್ಲಿ ಎದುರಾದಾಗ ಕೈಕುಲುಕಿ, “ನಿಮ್ಮಂಥವರು ನಮ್ಮ ಹುಡುಗರಿಗೆ ಒಮ್ಮೆ ಬಂದು ಹೇಳಿಕೊಡ್ಬೇಕು” ಎಂದರು. ನಾನು ಬೆಳೆದದ್ದು ಇವರಿಗೂ ತಡೆಯಲಾಗುತ್ತಿಲ್ಲ ಎಂದು ಮರಿ ಮನಸ್ಸು ಕಹಿ ಮಾಡಿಕೊಂಡ. ಅಷ್ಟರಲ್ಲಿ ಪತ್ರಿಕೆಗಳು ಅವನನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದವು. ಚೆಂಡು ತಾನೇ ದಾರಿ ಕೇಳಿಕೊಂಡು ಅವನ ಕಾಲಿಗೆ ಬರುತ್ತಿತ್ತು. ರಾಷ್ಟ್ರೀಯ ತಂಡದ ಆಯ್ಕೆಗಾರರು ನೋಡಲು ಬರುತ್ತಾರೆಂಬ ಸುದ್ದಿಯೂ ಹಬ್ಬಿತು.

ಮತ್ತೊಂದು ವಾರ ಒಂದೇ ಆಟದಲ್ಲಿ ಎರಡು ಗೋಲು ಹೊಡೆದ. ಆ ಖುಷಿಯಲ್ಲಿ ಹೇಳದೆ ಕೇಳದೆ ಮನೆಗೆ ಹೋದ. ಬಾಗಿಲು ತೆರೆದವಳು ಅಮ್ಮ.

“ಯಾರು ಬೇಕಿತ್ತಪ್ಪಾ?”

ಅಮ್ಮನಿಗೆ ತಮಾಷೆ ಮಾಡಿ ಅಭ್ಯಾಸವಿಲ್ಲ. ಒಳಗಿನಿಂದ ಅಪ್ಪ ಬಂದ, ಕನ್ನಡಕ ಮೂಗಿಗೆ ಏರಿಸಿ ನೋಡಿದ, “ಅರೆ, ಇವರು ಆ ಫುಟ್‌ಬಾಲ್ ಆಟಗಾರರು ಕಣೇ” ಎಂದ. ಇಬ್ಬರೂ ಸಂಭ್ರಮದಿಂದ ಅವನನ್ನು ಒಳಗೆ ಕರೆದು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿದರು. ಅಮ್ಮ ನೆಂಟರಿಗೆಂದು ಎತ್ತಿಟ್ಟ ಲೋಟದಲ್ಲಿ ನೀರು ತಂದುಕೊಟ್ಟಳು. ತಾನು ಹುಟ್ಟಿ ಬೆಳೆದ ಮನೆಯಲ್ಲಿ ಆ ಲೋಟದಲ್ಲಿ ಅವನು ಎಂದೂ ನೀರು ಕುಡಿದಿರಲಿಲ್ಲ. ಅವನು “ಅಮ್ಮಾ” ಎಂದ. “ಇರಲಿ, ಇರಲಿ, ಕೂತ್ಕೊಳ್ಳಿ” ಎಂದಳು ಅವಳು, ವಯಸ್ಸಾದವರನ್ನು ಎಲ್ಲರೂ ಹಾಗೆ ಕರೆಯುತ್ತಾರಲ್ಲ ಎಂಬಂತೆ. ಅವನು ಲೋಟವನ್ನು ಹಾಗೇ ಕೆಳಗಿಟ್ಟು ಎದ್ದ. ಗೇಟು ದಾಟಿದ ಮೇಲೆ ಅವನು ಬೀದಿಯಲ್ಲಿ ನಿಂತು ಅತ್ತ.

ಆಗ ಅಕ್ಕನ ಫೋನು ಬಂತು. ಅಕ್ಕ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು.

“ಪುಟ್ಟಾ, ಊಟ ಆಯ್ತೇನೋ?”

ಅವನಿಗೆ ಹೋದ ಜೀವ ಬಂದಂತಾಯಿತು.

ಮರುದಿನ ಅವನು ತುಕ್ಕುವನ್ನು ಹುಡುಕಿಕೊಂಡು ಹೋದ. ಆಟಗಾರರು ಮೈದಾನಕ್ಕೆ ಹೋಗುವ ಕತ್ತಲೆ ಓಣಿಯಲ್ಲಿ, ಹಸಿ ಗೋಡೆಗೆ ಒರಗಿ ತುಕ್ಕು ಕೂತಿದ್ದ. ಮರಿ ಬೆರಳು ಮುಂದೆ ಚಾಚಿದ. ತುಕ್ಕು ತನ್ನ ಬೆರಳಿನ ಪಟ್ಟಿ ಬಿಚ್ಚಿದ. ಗೆರೆಗಳ ಮೇಲೆ ಗೆರೆ ಕೂತು ಅದು ಬುಡದಿಂದ ತುದಿಯವರೆಗೆ ಕಪ್ಪಾಗಿತ್ತು.

“ನಮಗಿಂತ ಹಿಂದೆ ಇಲ್ಲೊಬ್ಬ ಸ್ಟ್ರೈಕರ್ ಇದ್ದನಂತೆ,” ಎಂದ ತುಕ್ಕು. “ತಾಯಿ ಸಾಯೋಕೆ ಬಿದ್ದಿದ್ಲು, ಮಗನ್ನ ಕರೀರಿ ಕರೀರಿ ಅಂತಿದ್ಲು. ಅವನಿಗೆ ಆಟ ಬಿಟ್ಟು ಹೋಗೋಕೆ ಮನಸ್ಸಾಗ್ಲಿಲ್ಲ. ಅವನು ಆ ಕಡೆ ಗೋಲು ಹೊಡೆದು ಚೆಂಡು ಎತ್ಕೊಳ್ಳೋ ಹೊತ್ತಿಗೆ ಈ ಕಡೆ ಅವಳ ಪ್ರಾಣ ಹೋಯ್ತು. ಅವನ ತಂಗಿ ಮಾಟ ಕಲಿತೋಳು. ಚಿತೆಯಿಂದ ತಾಯಿ ಕೂದಲನ್ನ ತಂದು ಬಲೆಗೆ ಗಂಟು ಹಾಕಿದ್ಲು. ಗೋಲು ಹೊಡೆದು ಈ ಬಲೆಯಿಂದ ಚೆಂಡು ಎತ್ಕೊಂಡವನಿಗೆ ಗೋಲಿನ ಮೇಲೆ ಗೋಲು ಸಿಗ್ಲಿ, ಒಂದೊಂದು ಗೋಲಿಗೂ ತನ್ನವರು ಒಬ್ಬೊಬ್ರು ಅವನನ್ನ ಮರೀಲಿ ಅಂದ್ಲು.”

“ಬಲೆ ಬದಲಾಯಿಸ್ಬಹುದಿತ್ತಲ್ಲ?”

“ಬದಲಾಯಿಸಿದ್ರು. ಹೊಸದ್ರಲ್ಲೂ ಗಂಟು ಬಂತು.”

“ಬಿಡಿಸೋ ದಾರಿ?”

“ಇಲ್ಲ. ಒಂದ್ಸಲ ಎತ್ತಿದ್ಮೇಲೆ ಮುಗೀತು, ಮತ್ತೆ ಚೆಂಡು ಎತ್ತದಿದ್ರೂ ಗೋಲಾದ್ರೆ ಒಬ್ರು ಮರೀತಾರೆ. ಹೊಡೀದೇ ಇರ್ಬೇಕು, ಅಷ್ಟೇ.” ತುಕ್ಕು ಪಟ್ಟಿಯನ್ನು ಮತ್ತೆ ಸುತ್ತತೊಡಗಿದ. “ನನ್ನನ್ನ ಅಣ್ಣ ಮರೆತ. ಹೆಂಡ್ತಿ ಮರೆತ್ಲು. ಈಗ ಉಳಿದಿರೋದು ಮಗಳು. ದಿನಾ ಬಾಗಿಲು ತೆಗೆದು ಅಪ್ಪಾ ಅಂತಾಳೆ. ಆ ಒಂದು ಮಾತಿಗೋಸ್ಕರ ಖಾಲಿ ಗೋಲಿನ ಮುಂದೆ ನಿಂತು ಆಕಾಶಕ್ಕೆ ಒದೀತೀನಿ. ತುಕ್ಕು ಅಂತಾರೆ. ಅನ್ಲಿ. ನಿಂಗೆ ಯಾರು ಉಳಿದಿದ್ದಾರೆ?”

“ಅಕ್ಕ.”

“ಒಬ್ಳೇನಾ?”

ಮರಿ ತಲೆಯಾಡಿಸಿದ. ತುಕ್ಕು ಎದ್ದು ಮೈದಾನದ ಕಡೆ ನಡೆದ.

ಅಲ್ಲಿಂದ ಮುಂದೆ ಮರಿಯ ಕಾಲು ತಪ್ಪತೊಡಗಿತು. ಗೋಲಿನ ಮುಂದೆ ಚೆಂಡು ಸಿಕ್ಕರೆ ಪಕ್ಕದವನಿಗೆ ಕೊಟ್ಟ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಹೊರಗೆ ಒದೆದ. ಹೊತ್ತು ಮೆರೆಸಿದ ಪತ್ರಿಕೆಗಳೇ ಅವನನ್ನು ಎತ್ತಿ ನೆಲಕ್ಕೆ ಹಾಕಿದವು. ಕೋಚ್ ಎಲ್ಲರ ಮುಂದೆ ನೀರಿಳಿಸಿದರು. ಊಟದ ಮೇಜಿನಲ್ಲಿ ಅವನ ಪಕ್ಕದ ಕುರ್ಚಿ ಖಾಲಿ ಉಳಿಯತೊಡಗಿತು. ಬಾಡಿಗೆ ಕೋಣೆಯ ಒಂದೇ ಕಿಟಕಿಯ ಮುಂದೆ ಕೂತು ಅವನು ಅಕ್ಕನ ಫೋನಿಗಾಗಿ ಕಾಯುತ್ತಿದ್ದ. ಇಷ್ಟು ದೊಡ್ಡ ಲೋಕದಲ್ಲಿ ತನ್ನನ್ನು ಏಕವಚನದಲ್ಲಿ ಬೈಯುವ ಹಕ್ಕಿರುವವಳು ಅವಳೊಬ್ಬಳೇ ಎಂದು ನೆನೆದು ಫೋನನ್ನು ಕೈಯಿಂದ ಕೆಳಗಿಡುತ್ತಿರಲಿಲ್ಲ. ಕೊನೆಗೆ ಆಟವನ್ನೇ ಬಿಟ್ಟು ಅವಳ ಊರಿಗೆ ಹೋಗಿ ಯಾವುದಾದರೂ ಕೆಲಸ ಹುಡುಕುವುದೆಂದು ತೀರ್ಮಾನಿಸಿದ. ಅದನ್ನು ಹೇಳುವ ಮೊದಲೇ ಅವಳು ಫೋನು ಮಾಡಿದಳು.

“ರಜೆ ಹಾಕಿದ್ದೀನಿ ಕಣೋ. ಶನಿವಾರ ನಿನ್ನ ಆಟಕ್ಕೆ ಬರ್ತೀನಿ. ಎಲ್ಲರೂ ನಿನ್ನ ಬೈಯೋದು ಓದಿ ಓದಿ ಸಾಕಾಯ್ತು ನಂಗೆ.”

“ಬೇಡ ಅಕ್ಕ. ಆಟ ಬಿಡ್ತಿದ್ದೀನಿ, ನಾನೇ ಅಲ್ಲಿಗೆ ಬರ್ತೀನಿ.”

“ಬಿಡೋದಿದ್ರೆ ಬಿಡು. ನಾನೇನೂ ಅನ್ನಲ್ಲ. ಒಂದ್ಸಲ ನೀನು ಆಡೋದನ್ನ ಕಣ್ಣಾರೆ ನೋಡ್ಬೇಕು, ಅಷ್ಟೇ. ಇಲ್ಲೀವರೆಗೂ ಡ್ಯೂಟಿ ಡ್ಯೂಟಿ ಅಂತ ಒಂದು ಆಟಕ್ಕೂ ಬಂದಿಲ್ಲ ನಾನು.”

ಅವಳ ಮುಂದೆ ಒಮ್ಮೆಯಾದರೂ ಜೆರ್ಸಿ ಹಾಕಿ ನಿಲ್ಲುವ ಆಸೆಯನ್ನು ಅವನಿಗೆ ಬಿಡಲಾಗಲಿಲ್ಲ. ಇದೊಂದು ಆಟ, ಗೋಲು ಹೊಡೆಯದಿದ್ದರಾಯಿತು, ಈಗೀಗ ಅದು ಅಭ್ಯಾಸವೇ ಆಗಿದೆಯಲ್ಲ ಎಂದುಕೊಂಡ. ನಡೆದದ್ದನ್ನು ಅವಳಿಗೆ ಹೇಳಬೇಕೆಂದು ಬಾಯಿಯವರೆಗೆ ಬಂತು. ಹೇಳಿದರೆ ತನ್ನ ತಲೆ ಕೆಟ್ಟಿದೆಯೆಂದು ಹೆದರುತ್ತಾಳೆ ಎಂದು ಸುಮ್ಮನಾದ.

ಶನಿವಾರ ಅವಳು ಬೇಲಿಯ ಪಕ್ಕದ ಸಾಲಿನಲ್ಲಿ ಕೂತಿದ್ದಳು. ಅವನನ್ನು ಕಂಡೊಡನೆ ಎದ್ದು ನಿಂತು ಎರಡೂ ಕೈ ಬೀಸಿದಳು. ಪಕ್ಕದವರಿಗೆಲ್ಲ ಬೆರಳು ಮಾಡಿ ತೋರಿಸುತ್ತಿದ್ದಳು, ತನ್ನ ತಮ್ಮ ಎಂದು. ಆಟದ ಉದ್ದಕ್ಕೂ ಅವನು ಚೆಂಡಿನಿಂದ ತಪ್ಪಿಸಿಕೊಂಡೇ ಓಡಾಡಿದ. ಜನ ಹೋ ಎಂದು ಗೇಲಿ ಮಾಡಿ ಕೂಗಿದರು. ಅವರ ವಿರುದ್ಧ ಅಕ್ಕ ಒಬ್ಬಳೇ ಗಂಟಲು ಹರಿದುಕೊಂಡು ಚಪ್ಪಾಳೆ ತಟ್ಟಿದಳು.

ಆಟ ಮುಗಿಯುವ ಹೊತ್ತಿಗೆ ಗೋದಾಮಿನ ಕಡೆಯಲ್ಲಿ ತಂಡಕ್ಕೆ ಪೆನಾಲ್ಟಿ ಸಿಕ್ಕಿತು.

“ನೀನೇ ಹೊಡಿ,” ಎಂದು ಕೋಚ್ ಗೆರೆಯಾಚೆಯಿಂದ ಕೂಗಿದರು. ಮರಿ ಬೇಡವೆಂದು ಕೈಯಾಡಿಸಿದ. ನಾಯಕ ಚೆಂಡನ್ನು ತಂದು ಅವನ ಕೈಗೇ ತುರುಕಿದ. ಬೆಂಚಿನಲ್ಲಿ ತುಕ್ಕು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಮರಿ ಯೋಚಿಸಿದ. ಹೊರಗೆ ಒದೆದರೆ ಬೇಕೆಂದೇ ಮಾಡಿದನೆಂದು ಎಲ್ಲರಿಗೂ ತಿಳಿಯುತ್ತದೆ. ಅಕ್ಕನಿಗೆ ಅವಮಾನ. ನೇರ ಗೋಲ್‌ಕೀಪರನ ಎದೆಗೆ, ಮೆತ್ತಗೆ ಕೊಡುವುದೇ ಸರಿ. ಹಿಡಿಯುತ್ತಾನೆ, ಆಟ ಮುಗಿಯುತ್ತದೆ. ಬೂಟು ಬಿಚ್ಚಿ ಅಕ್ಕನ ಜೊತೆ ಬಸ್ಸು ಹತ್ತುವುದು.

ಚೆಂಡು ಇಟ್ಟ. ಸೀಟಿ ಮೊಳಗಿತು. ಓಡಿ ಬಂದು ನೇರ ಎದೆಗೆ ಒದೆದ.

ಗೋಲ್‌ಕೀಪರ್ ಹಿಡಿದ. ಹಿಡಿದದ್ದು ಕೈಯಿಂದ ಜಾರಿತು. ಚೆಂಡು ಪುಟಿಯಿತು. ವಾಪಸು ಬಂತು. ಮರಿಯ ಮುಂದೆ ಬಂತು.

ಸ್ಟ್ರೈಕರ್ ಆದವನು ಒದ್ದ ಚೆಂಡಿನ ಹಿಂದೆಯೇ ಓಡುತ್ತಾನೆ. ನಿಂತು ನೋಡುವುದಿಲ್ಲ. ಅದನ್ನು ಯಾರೂ ಅವನಿಗೆ ಹೇಳಿಕೊಡಬೇಕಾಗಿಲ್ಲ. ಅದು ಕಾಲಿಗೆ ಇಳಿದಿರುತ್ತದೆ. ಮನಸ್ಸು ಬೇಡ ಎಂದಿತು. ಕಾಲು ಆಗಲೇ ಹೋಗಿತ್ತು. ತಟ್ಟಿತು. ಬಲೆ ಉಬ್ಬಿತು.

ಕೂದಲು ಸುಟ್ಟ ವಾಸನೆ. ಬೆರಳಿಗೆ ಚಳುಕು. ಇಡೀ ಮೈದಾನ ಎದ್ದು ಅವನ ಹೆಸರು ಕೂಗಿತು. ಆಟಗಾರರು ಮೈಮೇಲೆ ಬಿದ್ದರು. ಅವನು ಅವರ ಕೈಕಾಲುಗಳ ನಡುವಿನಿಂದ ಕತ್ತು ಎತ್ತಿದ. ಬೇಲಿಯ ಕಡೆ ನೋಡಿದ.

ಅಕ್ಕನ ಎರಡೂ ಕೈ ಮೇಲಿದ್ದವು. ಅವು ಮೆಲ್ಲಗೆ ಇಳಿದವು. ಅವಳು ಸುತ್ತಲೂ ನೋಡಿದಳು, ತಾನು ಇಲ್ಲಿಗೆ ಯಾಕೆ ಬಂದೆ ಎಂದು ತಿಳಿಯದವಳ ಹಾಗೆ.

ಕೊನೆಯ ಸೀಟಿಯಾದ ಕೂಡಲೇ ಅವನು ಬೇಲಿಗೆ ಓಡಿದ. ತಂತಿಯ ಈ ಕಡೆ ಅವನು, ಆ ಕಡೆ ಅವಳು. ಅವಳು ಸಂಕೋಚದಿಂದ ನಕ್ಕಳು. ಪಕ್ಕದವರನ್ನು ನೋಡಿ ತಾನೂ ಟಿಕೆಟ್ಟು ಮತ್ತು ಪೆನ್ನನ್ನು ಬೇಲಿಯ ಮೇಲಿಂದ ಚಾಚಿದಳು.

“ತುಂಬಾ ಚೆನ್ನಾಗಿ ಆಡಿದ್ರಿ ಸರ್. ಒಂದು ಸೈನ್ ಹಾಕ್ಕೊಡ್ತೀರಾ? ನನಗೆ ಆಟ ಏನೂ ಗೊತ್ತಾಗಲ್ಲ. ನಿಮ್ಮನ್ನ ನೋಡ್ತಾ ನಂಗೂ ಒಬ್ಬ ತಮ್ಮ ಇರ್ಬೇಕಿತ್ತು ಅನ್ನಿಸ್ತು.”

ಅವನು ಟಿಕೆಟ್ಟನ್ನು ಅಂಗೈ ಮೇಲಿಟ್ಟು ಬರೆದ. ಮೇಲೆ ಅವಳ ಹೆಸರು ಬರೆದ, ಕೆಳಗೆ ತನ್ನ ಸಹಿ ಹಾಕಿದ, ವಾಪಸು ಕೊಟ್ಟ. ಅವಳು ಓದಿದಳು. ಅವಳ ನಗು ನಿಂತಿತು. ಬ್ಯಾಗನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

“ನನ್ನ ಹೆಸರು ನಿಮಗೆ ಹೇಗೆ ಗೊತ್ತು?” ಎಂದಳು.