ಟವಲ್ ಹಾಸಿದ ಸೀಟು

ಅಂಗಡಿಗಳಿಗೆ ಜನ ಬರಲೆಂದು ಚನ್ನಪಟ್ಟಣದಾಚೆಯ ನಮ್ಮ ಶಾಪಿಂಗ್ ಕಾಂಪ್ಲೆಕ್ಸಿನೊಳಗೆ ಅಪ್ಪ ಟಾಕೀಸು ಕಟ್ಟಿಸಿದ್ದರು. ಅದು ಮುಚ್ಚಿ ವರ್ಷಗಳಾಗಿದ್ದವು. ಗೋಡೌನ್ ಮಾಡೋಣವೆಂದು ಒಂದು ಮಧ್ಯಾಹ್ನ ಬೀಗ ತೆಗೆಸಿದೆ.

ಧೂಳು ಹಿಡಿದ ಸೀಟುಗಳ ನಡುವೆ ಒಂದರ ಮೇಲೆ ಟವಲ್ ಹಾಸಿತ್ತು, ಹಿಂದೆ ಜನ ಸೀಟು ಹಿಡಿಯುತ್ತಿದ್ದ ಹಾಗೆ. ಮುಟ್ಟಿದರೆ ಬೆವರಿಗೆ ಒದ್ದೆಯಾಗಿತ್ತು.

"ಎತ್ಬ್ಯಾಡಿ ಸಾ, ಯಾರೋ ಸೀಟ್ ಹಿಡ್ದವ್ರೆ," ಎಂದ ಹಳೇ ಗೇಟ್‌ಕೀಪರ್ ರುದ್ರಯ್ಯ.

ನಾನು ನಕ್ಕು ಟವಲನ್ನು ಹೊರಗೆಸೆದೆ. ಬೀಗ ಹಾಕಿ ಕೀ ಮನೆಗೊಯ್ದೆ.

ಮರುದಿನ ಅದೇ ಸೀಟಿನ ಮೇಲೆ ಅದೇ ಟವಲ್ ಇತ್ತು. ಸೀಟು ಯಾರೋ ಈಗಷ್ಟೇ ಎದ್ದುಹೋದಂತೆ ಬೆಚ್ಚಗಿತ್ತು. ರುದ್ರಯ್ಯ ಬಾಗಿಲು ದಾಟಲಿಲ್ಲ.

ಪಕ್ಕದ ಸೀಟನ್ನೂ ಹಿಡಿದಿದ್ದರು. ಅದರ ಮೇಲಿದ್ದದ್ದು, ಬೆಳಿಗ್ಗೆ ಹೆಂಡತಿ ರಮ್ಯಾ ಇಸ್ತ್ರಿ ಮಾಡಿ ನನ್ನ ಜೇಬಿಗಿಟ್ಟಿದ್ದ ಕರ್ಚೀಫು.