ಸೋರೆಬುರುಡೆಯೊಳಗಿನ ಸಂಜೆರಾಗ

ಬಹಳ ಕಾಲದ ಹಿಂದೆ, ಏಳು ಹಳ್ಳ ದಾಟಿದ ಮೇಲೆ ಸಿಗುವ ನೀಲಾವತಿ ಎಂಬ ರಾಜ್ಯದಲ್ಲಿ ಒಂದು ಹಾಡುವ ಗುಡ್ಡವಿತ್ತು. ಹೊತ್ತು ಮುಳುಗುವಾಗ ಅದರ ಒಡಲಿನಿಂದ ಒಂದು ರಾಗ ಏಳುತ್ತಿತ್ತು. ರಾಗ ಒಂದೇ, ಆದರೆ ಯಾರಿಗೆ ಯಾವುದು ಇಷ್ಟವೋ ಅವರಿಗೆ ಅದೇ ಕೇಳಿಸುತ್ತಿತ್ತು. ರಾಜನಿಗೆ ವೀಣೆ, ಅಗಸಗಿತ್ತಿಗೆ ಹೊಳೆಯ ಜುಳುಜುಳು, ಉಪ್ಪಿನ ವ್ಯಾಪಾರಿ ಸಂಕಣ್ಣನಿಗೆ ಮೆಲುಕು ಹಾಕುವ ಎತ್ತುಗಳ ಕೊರಳಗಂಟೆ. ಕೇಳುತ್ತ ಕೇಳುತ್ತ ಬೆನ್ನು ಸಡಿಲವಾಗಿ, ಕಣ್ಣು ಭಾರವಾಗಿ, ಊರಿಗೆ ಊರೇ ಮಲಗುತ್ತಿತ್ತು.

ಘೂಕಕೇತು ಎಂಬ ಮಾಂತ್ರಿಕ ಆ ರಾಗವನ್ನು ಸೋರೆಬುರುಡೆಯಲ್ಲಿ ತುಂಬಿಕೊಂಡು ಹೋದ. ಅವತ್ತಿನಿಂದ ರಾಜ್ಯದಲ್ಲಿ ಯಾರಿಗೂ ನಿದ್ದೆ ಹತ್ತಲಿಲ್ಲ. ಸಂಕಣ್ಣನ ಮಗಳು ಆಮೇಲೆ ಹುಟ್ಟಿದವಳು. ಹುಟ್ಟಿದಾಗಿನಿಂದ ಆ ಕೂಸು ರೆಪ್ಪೆ ಮುಚ್ಚಿರಲಿಲ್ಲ. ಈಗ ಅಳುವ ತ್ರಾಣವೂ ಉಳಿಯದೆ ಸುಮ್ಮನೆ ಬಾಯಿ ತೆರೆಯುತ್ತಿತ್ತು.

"ಕತ್ತಿ ಹಿಡಿದು ಹೋದ ರಾಜಕುಮಾರರೇ ವಾಪಸ್ ಬಂದಿಲ್ಲ. ಉಪ್ಪು ಮಾರೋ ನೀವು ಹೋಗಿ ಏನು ಕಿಸಿತೀರಿ?" ಎಂದಳು ಹೆಂಡತಿ ದೇವೀರವ್ವ.

"ಅವರು ಜಗಳಕ್ಕೆ ಹೋದರು ಕಣೇ. ನಾನು ವ್ಯಾಪಾರಕ್ಕೆ ಹೋಗ್ತೀನಿ."

ಒಂದು ಉಪ್ಪಿನ ಚೀಲ, ಒಂದು ಕಂಬಳಿ, ಹೆಗಲ ಮೇಲೊಂದು ವಲ್ಲಿ. ಇಷ್ಟೇ ಹಿಡಿದು ಹೊರಟ.

ಮಾಂತ್ರಿಕನ ಕೋಟೆಯ ಮೊದಲ ಬಾಗಿಲಲ್ಲಿ ಹಿತ್ತಾಳೆಯ ಸಿಂಹ ನಿಂತಿತ್ತು. ಅದರ ಸುತ್ತ ರಾಜಕುಮಾರರು ಎತ್ತಿದ ಕತ್ತಿಯ ಸಮೇತ ಕಲ್ಲಾಗಿದ್ದರು.

"ಕತ್ತಿ ತಂದೆಯಾ, ಮಂತ್ರ ತಂದೆಯಾ?" ಎಂದು ಸಿಂಹ ಗುಡುಗಿತು.

"ಎರಡೂ ಇಲ್ಲಪ್ಪ. ನಿನಗೇನು ಬೇಕು ಹೇಳು."

ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. "ನೂರು ವರ್ಷದಿಂದ ತಲೆ ಎತ್ತಿಕೊಂಡೇ ಇದ್ದೀನಿ. ಕತ್ತು ನೋಯ್ತದೆ," ಎಂದಿತು ಸಿಂಹ, ದನಿ ಇಳಿಸಿ.

ಸಂಕಣ್ಣ ಉಪ್ಪಿನ ಚೀಲವನ್ನು ಅದರ ಗದ್ದದ ಕೆಳಗೆ ಇಟ್ಟ. ಸಿಂಹ ತಲೆಯೂರಿ ಉಸಿರು ಬಿಟ್ಟಿತು. ಬಾಗಿಲು ತೆರೆಯಿತು.

ಎರಡನೇ ಬಾಗಿಲಲ್ಲಿ ಒಂದು ನವಿಲು ಗರಿ ಬಿಚ್ಚಿ ನಿಂತಿತ್ತು. ಗರಿಗಳ ಮೇಲಿನ ಕಣ್ಣುಗಳೆಲ್ಲ ನಿಜವಾದ ಕಣ್ಣುಗಳು. ಅಷ್ಟೂ ಕಣ್ಣು ಒಟ್ಟಿಗೇ ಸಂಕಣ್ಣನತ್ತ ಹೊರಳಿದವು.

"ಕತ್ತಿ ತಂದೆಯಾ, ಮಂತ್ರ ತಂದೆಯಾ?"

"ಎರಡೂ ಇಲ್ಲಪ್ಪ. ನಿನಗೇನು ಬೇಕು?"

"ಕತ್ತಲೆ. ಚೂರು ಸಿಕ್ಕರೂ ಸಾಕು."

ಸಂಕಣ್ಣ ಕಂಬಳಿ ಹೊದಿಸಿದ. ಒಳಗೆ ಕಣ್ಣುಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ಬಾಗಿಲು ತೆರೆಯಿತು.

ಒಳಗೆ ಘೂಕಕೇತು ಕೂತಿದ್ದ. ತೊಡೆಯ ಮೇಲೆ ಬುರುಡೆ. ಎಡಗೈಯಲ್ಲಿ ಅದರ ಕುತ್ತಿಗೆ ಹಿಡಿದು, ಬಲ ಅಂಗೈಯಿಂದ ಬುರುಡೆಯ ಬಾಯಿ ಒತ್ತಿಕೊಂಡಿದ್ದ. ಕಳ್ಳರ ಭಯಕ್ಕೆ ತಾನೇ ಒಂದು ದಿನವೂ ಆ ರಾಗ ಕೇಳಿರಲಿಲ್ಲ. ಕಣ್ಣು ಕೆಂಡದ ಹಾಗಿದ್ದವು.

"ಏನು ತಂದಿದ್ದೀಯ?"

"ಬುರುಡೆಗೆ ಬೆಲೆ ಕಟ್ಟೋಣ ಅಂತ ಬಂದೆ, ಸ್ವಾಮಿ." ಸಂಕಣ್ಣ ಎದುರಿಗೆ ಕೂತ.

ಮಾಂತ್ರಿಕ ಗಹಗಹಿಸಿ ನಕ್ಕ. "ನೀನಾ? ಏನು ಕೊಡ್ತೀಯ, ಬೊಗಳು!"

"ಗಟ್ಟಿಯಾಗಿ ಹೇಳಿದರೆ ಬಾಗಿಲಲ್ಲಿರೋರು ಕೇಳಿಸಿಕೊಂಡು ಪಾಲು ಬೇಡ್ತಾರೆ. ನಮ್ಮ ಸಂತೆ ಪದ್ಧತಿ ಗೊತ್ತಲ್ಲ, ವಲ್ಲಿ ಕೆಳಗೆ ಕೈ ಕೊಡಿ. ಬೆರಳಲ್ಲೇ ಹೇಳ್ತೀನಿ."

ಪಾಲು ಎಂದದ್ದೇ ಮಾಂತ್ರಿಕನ ಮುಖ ಬಿಗಿಯಿತು. ಬುರುಡೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ, ಎಡಗೈ ಬಿಡಿಸಿ ಚಾಚಿದ. ಸಂಕಣ್ಣ ವಲ್ಲಿಯನ್ನು ಸರಕ್ಕನೆ ಹಿಂದೆಳೆದುಕೊಂಡ.

"ಎಡಗೈಯಲ್ಲಿ ವ್ಯಾಪಾರವೇ? ಕೈಗೂಡುತ್ತದೆಯೇ, ಸ್ವಾಮಿ? ನಾನು ಬರ್ತೀನಿ ಬಿಡಿ." ಹಾಗೆಂದವನೇ ಎದ್ದೇಬಿಟ್ಟ.

"ಏಯ್, ಕೂತ್ಕೊಳಯ್ಯ!" ಆಸೆ ಮುಂದೆ ಓಡಿತು, ಬುದ್ಧಿ ಹಿಂದೆ ಉಳಿಯಿತು. ಮಾಂತ್ರಿಕ ಬಲಗೈ ಚಾಚಿದ. ಸಂಕಣ್ಣ ವಲ್ಲಿಯ ಕೆಳಗೆ ಅದನ್ನು ಗಟ್ಟಿಯಾಗಿ ಹಿಡಿದ.

ಬುರುಡೆಯ ಬಾಯಿ ತೆರೆಯಿತು.

ಮೊದಲು ಗಾಳಿ ನಿಂತಿತು. ಆಮೇಲೆ ರಾಗ ಎದ್ದಿತು. ಗೋಡೆಯ ಕಲ್ಲುಗಳು ಹಸುಗಳ ಹಾಗೆ ಮೆಲ್ಲಗೆ ಉಸಿರಾಡತೊಡಗಿದವು. ನೆಲದೊಳಗಿನ ಬೇರುಗಳು ಮೈಮುರಿದವು. ಆಕಾಶವೇ ಒಂದು ಗೇಣು ಕೆಳಗಿಳಿದು ಬಂದ ಹಾಗಾಯಿತು. ಸಂಕಣ್ಣ ಬಾಯಿ ಬಿಟ್ಟುಕೊಂಡು ನಿಂತ. ಅವನ ಎತ್ತುಗಳು ಎಲ್ಲೋ ಮಲಗಿ ಮೆಲುಕು ಹಾಕುತ್ತಿದ್ದವು, ಟಿಣ್... ಟಿಣ್...

ಮಾಂತ್ರಿಕ ಕೈ ಕಿತ್ತುಕೊಳ್ಳಲು ನೋಡಿದ. ಸಂಕಣ್ಣ ಬಿಡಲಿಲ್ಲ. ಅಷ್ಟರಲ್ಲಿ ಮಾಂತ್ರಿಕನ ಮುಖವೇ ಬದಲಾಯಿತು.

"ಯಾರೋ ರಾಗಿ ಬೀಸ್ತಿದ್ದಾರೆ," ಎಂದ. "ನಮ್ಮವ್ವ... ನಮ್ಮವ್ವ ಕಣಯ್ಯ."

ಮೊಣಕಾಲು ಸಡಿಲಾಗಿ ಬುರುಡೆ ಉರುಳಿ ಒಡೆಯಿತು. ಘೂಕಕೇತು ಇದ್ದಲ್ಲೇ ಒರಗಿದ. ಅವನು ಕಲಿತ ಮಂತ್ರಗಳೆಲ್ಲ ಗೊರಕೆಯಾಗಿ ಒಂದೊಂದೇ ಹೊರಗೆ ಹೋದವು. ಕೊನೆಗೆ ಉಳಿದದ್ದು ಒಬ್ಬ ಸಾಧಾರಣ ಮುದುಕ. ಕಲ್ಲಾಗಿದ್ದ ರಾಜಕುಮಾರರು ಆಕಳಿಸಿದರು, ಕತ್ತಿಗಳನ್ನೇ ತಲೆದಿಂಬು ಮಾಡಿಕೊಂಡು ಮಲಗಿದರು.

ಸಂಕಣ್ಣನ ಕಣ್ಣೂ ಎಳೆಯುತ್ತಿತ್ತು, ಆದರೂ ಕೂಸನ್ನು ನೆನೆದು ಊರ ದಾರಿ ಹಿಡಿದ. ರಾಗ ಅವನಿಗಿಂತ ಮುಂದೆ ಊರು ತಲುಪಿತ್ತು. ಹೆಬ್ಬಾಗಿಲ ಕಾವಲುಗಾರರು ಮಲಗಿದ್ದರು. ಅರಮನೆಯ ಮೆಟ್ಟಿಲ ಮೇಲೆ ಕಿರೀಟ ಒಂದು ಕಡೆ, ರಾಜ ಒಂದು ಕಡೆ. ಸಂಕಣ್ಣ ಓಡಿಬಂದು ಮನೆ ಬಾಗಿಲು ತಳ್ಳಿದ.

ಕೂಸು ಮುಷ್ಟಿ ಬಿಗಿದುಕೊಂಡು, ಕೆಳದುಟಿ ಇಳಿಬಿಟ್ಟು ಮಲಗಿತ್ತು. ಅದರ ರೆಪ್ಪೆಗೂದಲು ಎಷ್ಟು ಉದ್ದವಿದೆಯೆಂದು ಅವನು ನೋಡಿದ್ದು ಅವತ್ತೇ ಮೊದಲು.

"ಅದೇನು ಬಾಗಿಲು ಹಾಗೆ ತಳ್ತೀರಿ?" ದೇವೀರವ್ವ ಕಣ್ಣು ಬಿಡದೆಯೇ ಗದರಿದಳು. "ಸುಮ್ನೆ ಬಂದು ಬಿದ್ಕೊಳ್ಳಿ."

ಸಂಕಣ್ಣ ಬಿದ್ದುಕೊಂಡ. ನೀಲಾವತಿಯ ಜನ ಅಂದಿನಿಂದ ಹಗಲು ದುಡಿದು, ಸಂಜೆ ಗುಡ್ಡದ ರಾಗ ಕೇಳಿ, ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ ಸುಖವಾಗಿ ಬಾಳಿದರು.