ಪಾಸ್‌ವರ್ಡ್ ಬದಲಿಸಿದ ಮೇಲೂ

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ದೂರು ವಿಚಿತ್ರವಾಗಿತ್ತು. ದೂರುದಾರರು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವ ಹೆಂಗಸು. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಅವರ ತಮ್ಮ ತನ್ನದೊಂದನ್ನು ಕೊಡಲು ಒಪ್ಪಿದ್ದ. ಆದರೆ ಆಸ್ಪತ್ರೆಯ ವೆಬ್‌ಸೈಟ್‌ನಲ್ಲಿ, ಆಕೆಯದೇ ಖಾತೆಯಿಂದ, ಯಾರೋ ಆಪರೇಷನ್ನಿನ ದಿನವನ್ನು ಎರಡು ಸಲ ರದ್ದು ಮಾಡಿದ್ದರು. ಮೊದಲ ಸಲದ ನಂತರ ಆಕೆ ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಗಂಡನಿಗೂ ಹೇಳಿರಲಿಲ್ಲ.

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್‌ಗೆ ಗಂಡನ ಮೇಲೆಯೇ ಅನುಮಾನ. ಆದರೆ ಎರಡನೇ ರದ್ದತಿಯ ಹೊತ್ತಿಗೆ ದಂಪತಿ ಡಯಾಲಿಸಿಸ್ ಕೋಣೆಯಲ್ಲಿದ್ದರೆಂದೂ, ಫೋನುಗಳು ತನ್ನ ಬಳಿ ಇದ್ದವೆಂದೂ ನರ್ಸ್ ಹೇಳಿಕೆ ಕೊಟ್ಟರು. ಹಾಗಾದರೆ ದೆವ್ವದ ಮೇಲೆ ಕೇಸು ಹಾಕೋಣವೇ ಎಂದು ಹೆಡ್ ಕಾನ್‌ಸ್ಟೆಬಲ್ ಗೊಣಗಿದರು. ಇನ್‌ಸ್ಪೆಕ್ಟರ್ ನಗಲಿಲ್ಲ, ಅವರಿಗೂ ತಲೆಬುಡ ಅರ್ಥವಾಗಿರಲಿಲ್ಲ.

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವನನ್ನು ಕೇಳಿದರು.

"ಪಾಸ್‌ವರ್ಡ್ ಕೇಳೋದು ಒಳಗೆ ಬರುವಾಗ ಮಾತ್ರ ಸರ್. ಆಗ ಸರ್ವರ್ ಒಂದು ಗುರುತು ಕೊಡುತ್ತೆ. ಆಮೇಲೆ ಆ ಗುರುತನ್ನಷ್ಟೇ ನೋಡುತ್ತೆ. ಅದಕ್ಕೆ ಸೆಷನ್ ಅಂತೀವಿ."

"ಪಾಸ್‌ವರ್ಡ್ ಬದಲಾಯಿಸಿದ್ರೆ?"

"ಹಳೇ ಸೆಷನ್ ಮುಚ್ಚಬೇಕಿತ್ತು." ಅವನ ದನಿ ಇಳಿಯಿತು. "ನಮ್ಮಲ್ಲಿ ಮುಚ್ಚಲ್ಲ."

"ಅಂದ್ರೆ ಒಳಗಿರೋನನ್ನ ಹಾಗೇ ಬಿಟ್ಟು ಬೀಗ ಬದಲಾಯಿಸಿದ್ದೀರಿ."

ದಾಖಲೆ ತೆಗೆಸಿದಾಗ ಎರಡೂ ರದ್ದತಿ ಒಂದೇ ಹಳೆಯ ಸೆಷನ್ನಿನಿಂದ ಆಗಿದ್ದವು. ಬಳಸಿದ್ದು ಟ್ಯಾಬ್. ಇಂಟರ್ನೆಟ್ ಸಂಪರ್ಕ ಆಕೆಯ ತಮ್ಮನ ಫೋಟೊ ಸ್ಟುಡಿಯೊದ್ದು. ಸ್ಕ್ಯಾನ್ ವರದಿ ಕಳಿಸಲು ಒಮ್ಮೆ ಅವನ ಟ್ಯಾಬ್‌ನಲ್ಲಿ ತನ್ನ ಖಾತೆ ತೆರೆದದ್ದು ದೂರುದಾರರಿಗೆ ಆಗ ನೆನಪಾಯಿತು. ಇನ್‌ಸ್ಪೆಕ್ಟರ್‌ಗೆ ಗೊಂದಲ ಇನ್ನೂ ಹೆಚ್ಚಾಯಿತು. ಕಿಡ್ನಿ ಕೊಡುವವನೇ ಯಾಕೆ ತಪ್ಪಿಸುತ್ತಾನೆ?

ಸ್ಟುಡಿಯೊದಲ್ಲಿ ಪಂಚರ ಎದುರು ಟ್ಯಾಬ್ ತೆರೆದರು. ಪಾಸ್‌ವರ್ಡ್ ಕೇಳದೆ ಅಕ್ಕನ ಪುಟ ಬಂದು ನಿಂತಿತು. ರದ್ದು ಮಾಡಿದ್ದು ತಾನೇ ಎಂದು ತಮ್ಮ ಒಪ್ಪಿಕೊಂಡ. ಪಂಚನಾಮೆಗೆ ಸಹಿಯಾದ ಮೇಲೆ ಬಂಧಿಸಿ ಠಾಣೆಗೆ ಕರೆತಂದರು.

ತಾಯಿ ಹೋದ ಮೇಲೆ ಅವನನ್ನು ಸಾಕಿದ್ದು ಅಕ್ಕನೇ. ಅವಳು ಕೇಳುವ ಮೊದಲೇ ಕಿಡ್ನಿ ಕೊಡುತ್ತೇನೆಂದು ಮಾತು ಕೊಟ್ಟಿದ್ದ. ಆಮೇಲೆ ಆಪರೇಷನ್ ಎಂದರೆ ಭಯ ಹುಟ್ಟಿತು, ದಿನ ಹತ್ತಿರವಾದಾಗಲೆಲ್ಲ ಟ್ಯಾಬ್ ತೆರೆದು ರದ್ದು ಮಾಡಿದ್ದ.

"ಬೇಡ ಅಂತ ಅವಳ ಮುಖ ನೋಡಿ ಹೇಳೋಕಾಗಲಿಲ್ಲ ಸರ್," ಎಂದ.

ಇನ್‌ಸ್ಪೆಕ್ಟರ್ ಬರೆದುಕೊಂಡರು. ಬಂಧನದ ವಿಷಯ ಮನೆಯವರಲ್ಲಿ ಯಾರಿಗೆ ತಿಳಿಸಬೇಕೆಂದು ನಿಯಮದಂತೆ ಕೇಳಿದರು.



"ಅಕ್ಕನಿಗೆ," ಎಂದ. "ನನಗೆ ಬೇರೆ ಯಾರೂ ಇಲ್ಲ."